ಬೆಡ್‌ಶೀಟ್ ಮೇಡಂ

ತಾತನ ಕ್ಷೌರದಂಗಡಿಯ ಹಿಂದಿನ ಕೋಣೆ,
ಭಾನುವಾರ, ತಾರೀಖು ಹನ್ನೆರಡು

ನನ್ನ ಮುದ್ದು ಪುಟ್ಟೀ,

ಹೇಗಿದ್ದೀಯೇ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯೋ, ಇಲ್ಲ ಎಂಜಿನ್ನಿನಲ್ಲಿ ನಿಂತುಕೊಂಡೇ ಎರಡು ಬಿಸ್ಕತ್ತು ಬಾಯಿಗೆ ಹಾಕಿಕೊಂಡು ಊಟವಾಯಿತು ಅನ್ನುತ್ತೀಯೋ? ಹೋದ ಸಲ ಬಂದಾಗ ಕೆಮ್ಮುತ್ತಿದ್ದೆ, ಅದು ಹೋಯಿತೇ? ನಾನು ಚೆನ್ನಾಗಿದ್ದೇನೆ. ಮಂಡಿನೋವು ಇನ್ನೂ ಹೋಗಿಲ್ಲ, ಹೋಗುವ ಲಕ್ಷಣವೂ ಇಲ್ಲ. ತಾತ ಗುಂಡುಕಲ್ಲಿನ ಹಾಗಿದ್ದಾರೆ.

ನಿನ್ನಮ್ಮ ಫೋನಿನಲ್ಲಿ ಎಲ್ಲ ಹೇಳಿದಳು. ಎಂಜಿನ್ ಶೆಡ್ಡಿನಲ್ಲಿ ಎಲ್ಲರೂ ನಿನ್ನನ್ನು ಬೆಡ್‌ಶೀಟ್ ಮೇಡಂ ಎಂದು ಕರೆದು ನಗುತ್ತಾರಂತೆ, ನಿನಗೆ ತಲೆಯೆತ್ತಿ ಓಡಾಡಲು ಆಗುವುದಿಲ್ಲವಂತೆ, ಈ ತಿಂಗಳು ಮುಗಿದರೆ ರಾಜೀನಾಮೆಯಂತೆ. ಅಂತೆ ಕಂತೆಗಳನ್ನು ನಂಬುವವಳಲ್ಲ ನಾನು. ಆದರೆ ನಿನ್ನಮ್ಮ ಅಳುತ್ತಿದ್ದಳು, ಅದಕ್ಕೇ ನಂಬಿದೆ. ನಿನ್ನ ಗಾಡಿ ನಿಂತದ್ದು ನಮ್ಮ ಮನೆಯ ಹಿಂದಿನ ತಿರುವಿನಲ್ಲೇ ತಾನೇ? ಎಂಜಿನ್ನಿನ ಒಳಗೆ ನಡೆದದ್ದು ನಿನಗೆ ಗೊತ್ತು. ಹೊರಗೆ ನಡೆದದ್ದನ್ನು ನಾನು ಹೇಳುತ್ತೇನೆ, ಕೇಳು.

ತಾತ ಆಗ ಪೋಸ್ಟ್‌ಮಾಸ್ತರರಿಗೆ ಸೋಪು ಹಚ್ಚಿ ಒಂದು ಕೆನ್ನೆ ಮುಗಿಸಿದ್ದರು. ಅವರ ರೈಲು ಹುಚ್ಚು ನಿನಗೆ ಗೊತ್ತೇ ಇದೆ, ನಿನಗೆ ಅಂಟಿಸಿದ್ದೂ ಅವರೇ. ದೂರದಲ್ಲಿ ಹಾರ್ನ್ ಕೇಳಿದರೆ ಯಾವ ಎಂಜಿನ್ನು, ಯಾವ ಶೆಡ್ಡಿನದು ಎಂದು ಹೇಳುತ್ತಾರೆ. ಅಡುಗೆಮನೆಯಿಂದ ಹೆಂಡತಿ ಕೂಗಿದರೆ ಮಾತ್ರ ಕಿವಿ ಕೇಳಿಸುವುದಿಲ್ಲ. ಚಕ್ರಗಳು ಕಿರ್ರೆಂದದ್ದೇ ತಡ, ಕ್ಷೌರದ ಕತ್ತಿ ಹಿಡಿದುಕೊಂಡೇ ಓಡಿದರು. ನೀನಿರುವ ಗಾಡಿ ಎಂದು ಗೊತ್ತಿತ್ತಲ್ಲ, ಜೀವ ಬಾಯಿಗೆ ಬಂದಿತ್ತು. ಅರ್ಧ ಗಡ್ಡದ ಪೋಸ್ಟ್‌ಮಾಸ್ತರರು ಅವರ ಹಿಂದೆ. ಕತ್ತಿ ಹಿಡಿದ ಮುದುಕ, ಮುಖಕ್ಕೆಲ್ಲ ನೊರೆ ಮೆತ್ತಿಕೊಂಡ ಇನ್ನೊಬ್ಬ, ಇಬ್ಬರೂ ಓಡಿ ಬರುವುದನ್ನು ನೋಡಿ ಪ್ರಯಾಣಿಕರು ಕಿಟಕಿಗಳನ್ನು ದಡದಡ ಮುಚ್ಚಿಕೊಂಡರಂತೆ. ಗಾಡಿ ನಿಂತದ್ದಕ್ಕಿಂತ ಇವರನ್ನು ಕಂಡೇ ಜನ ಹೆಚ್ಚು ಹೆದರಿದ್ದು.

ನೋಡಿದರೆ ನಮ್ಮ ಸಾಲಿನ ನರ್ಸಮ್ಮನ ಕೆಂಪು ಬೆಡ್‌ಶೀಟು. ಹಳಿ ಪಕ್ಕದ ಕಂಬಗಳಿಗೆ ಹಗ್ಗ ಕಟ್ಟಿ ಒಣಹಾಕಿದ್ದಾಳೆ ಪುಣ್ಯಾತ್ಗಿತ್ತಿ. ಒಂದು ಕಡೆ ಕ್ಲಿಪ್ಪು ಬಿಟ್ಟುಹೋಗಿ ಗಾಳಿಗೆ ಪಟಪಟ ಬಡಿದುಕೊಳ್ಳುತ್ತಿತ್ತು. ಯಾರೋ ಕೆಂಪು ಬಾವುಟ ಬೀಸಿದ ಹಾಗೆಯೇ ಕಾಣುತ್ತಿತ್ತು ಎಂದು ತಾತನೂ ಹೇಳಿದರು. ನೀನು ಕೆಂಪು ಎಂದು ಕೂಗಿದ್ದೇ ಕೂಗಿದ್ದು, ನಿನ್ನ ಹಿರಿಯ ಡ್ರೈವರು ಎಲ್ಲಿ, ಏನು ಎಂದು ಒಂದು ಮಾತು ಕೇಳದೆ ಬ್ರೇಕ್ ಹಾಕಿದರಂತೆ. ಅವರೂ ನಗುತ್ತಾರೆಯೇ ಎಂದು ನಿನ್ನಮ್ಮನನ್ನು ಕೇಳಿದೆ. ಇಲ್ಲವಂತೆ. ಮತ್ತೆ ಟೀ ಕುಡಿಯುತ್ತ ಕೂತವರ ನಗುವನ್ನು ಯಾಕೆ ತಲೆಗೆ ಹಚ್ಚಿಕೊಳ್ಳುತ್ತೀಯೇ ಹುಚ್ಚು ಹುಡುಗಿ?

ಮೊನ್ನೆ ಹಳಿ ನೋಡಿಕೊಳ್ಳುವ ಗ್ಯಾಂಗಿನ ಮೇಸ್ತ್ರಿ ಕ್ಷೌರಕ್ಕೆ ಬಂದಿದ್ದ. ಬಿಸಿಲಿರಲಿ ಚಳಿಯಿರಲಿ, ಹೆಗಲ ಮೇಲೆ ಸುತ್ತಿಗೆ ಹೊತ್ತು ಹಳಿಯ ಉದ್ದಕ್ಕೂ ನಡೆಯುವವನು. ಸಡಿಲಾದ ಬೋಲ್ಟೊಂದು ಕಂಡರೆ ಸ್ವಂತ ಮಗುವಿಗೆ ಜ್ವರ ಬಂದ ಹಾಗೆ ಆಡುತ್ತಾನೆ. ರಜೆಯ ದಿನವೂ ಬಾಯಲ್ಲಿ ಹಳಿಯದೇ ಮಾತು. ಅಂಗಡಿಯಲ್ಲಿ ಯಾರೋ ಬೆಡ್‌ಶೀಟಿನ ಕಥೆ ಎತ್ತಿ ಕಿಸಕ್ಕೆಂದರು. ಮೇಸ್ತ್ರಿ ತಾತ ಹೊದಿಸಿದ್ದ ಕ್ಷೌರದ ಬಟ್ಟೆ ಕಿತ್ತು ಕುರ್ಚಿಯಿಂದ ಎದ್ದೇಬಿಟ್ಟ. "ನಗಬೇಡ್ರೀ. ಹಳಿ ಮೇಲೆ ಕೆಂಪು ಬಟ್ಟೆ ಹಿಡ್ಕೊಂಡು ನಿಲ್ಲೋರು ನಾವು. ಎದುರಿಗೆ ಬರೋ ಗಾಡೀಲಿ ಆ ಹುಡುಗಿ ಇದಾಳೆ ಅಂದ್ರೆ ನಮಗೆ ಧೈರ್ಯ" ಅಂದ. ತಾತ ಕನ್ನಡಿ ಒರೆಸುವ ನೆಪದಲ್ಲಿ ಕಣ್ಣೊರೆಸಿಕೊಂಡರು. ನನಗೆ ಅಲ್ಲಿ ನಿಲ್ಲಲು ಆಗಲಿಲ್ಲ, ಒಳಗೆ ಬಂದು ಕೂತೆ.

ಪಾಪ, ನರ್ಸಮ್ಮನೂ ಬಂದು ಕೈಹಿಡಿದುಕೊಂಡು ಅತ್ತಳು. ಈಗ ನಮ್ಮ ಸಾಲಿನ ಹೆಂಗಸರೆಲ್ಲ ಸೇರಿ ಹಳಿ ಕಡೆಯ ಹಗ್ಗಗಳನ್ನು ಬಿಚ್ಚಿ ಬೀದಿ ಕಡೆಗೆ ಕಟ್ಟಿಕೊಂಡಿದ್ದಾರೆ. ಎಲ್ಲರ ಮನೆಯ ಒಳಬಟ್ಟೆಗಳೂ ಬೀದಿಗೆ ಬಿದ್ದಿವೆ. ಮರ್ಯಾದೆ ಹೋದರೆ ಹೋಗಲಿ, ಗಾಡಿ ಸರಿಯಾಗಿ ಹೋಗಲಿ ಅನ್ನುತ್ತಾರೆ. ನಿನ್ನ ದೆಸೆಯಿಂದ ಇಷ್ಟಾಗಿದೆ ನೋಡು. ನಾನು ಬುದ್ಧಿ ಹೇಳುತ್ತಿಲ್ಲ. ಹೇಳಿದರೆ ಕೇಳುವವಳೂ ನೀನಲ್ಲ, ಆ ವಿಷಯದಲ್ಲಿ ಥೇಟ್ ನನ್ನ ಹಾಗೆಯೇ. ನಿನ್ನ ಹಿರಿಯ ಡ್ರೈವರಿಗೆ ನನ್ನ ನಮಸ್ಕಾರ ತಿಳಿಸು. ಹೊಟ್ಟೆ ತುಂಬ ಊಟ ಮಾಡು, ನಗುವವರ ಮುಂದೆ ಅಳಬೇಡ. ತಾತನದೂ ನನ್ನದೂ ತುಂಬು ಆಶೀರ್ವಾದ.

ಇಂತಿ ನಿನ್ನ
ಅಜ್ಜಿ

ಮತ್ತೊಂದು ಮಾತು. ಕಾಗದವನ್ನು ಅಂಚೆ ಡಬ್ಬಿಗೆ ಹಾಕಿ ಬರಲು ತಾತ ಚಪ್ಪಲಿ ಮೆಟ್ಟಿ ನಿಂತಿದ್ದಾರೆ, ಬೇಗ ಬರೆಯುತ್ತೇನೆ. ಎಲ್ಲಿಗೆ ಹೋದರೂ ನಾನು ಬಸ್ಸೇ ಹತ್ತುವುದನ್ನು ಕಂಡು, ಅಜ್ಜಿಗೂ ರೈಲಿಗೂ ಎಣ್ಣೆ ಸೀಗೆಕಾಯಿ ಎಂದು ನೀವೆಲ್ಲ ನಗುತ್ತೀರಿ. ಯಾಕೆಂದು ನಿನಗೆ ಹೇಳಿರಲಿಲ್ಲ. ನನ್ನ ಅಣ್ಣನೂ ಗ್ಯಾಂಗಿನವನೇ ಕಣೇ. ಹಳಿ ಒಡೆದಿದೆ ಎಂದು ಕೆಂಪು ಬಟ್ಟೆ ಬೀಸುತ್ತ ಗಾಡಿಗೆ ಎದುರಾಗಿ ಓಡಿದ. ಎಂಜಿನ್ನಿನಲ್ಲಿದ್ದವರು, ಯಾರೋ ಬಟ್ಟೆ ಒಣಹಾಕಿದ್ದಾರೆ ಅಂದುಕೊಂಡರಂತೆ. ಕೊನೆಯವರೆಗೂ ಅಣ್ಣ ಪಕ್ಕಕ್ಕೆ ಸರಿಯಲಿಲ್ಲ. ಅವತ್ತಿನಿಂದ ನಾನು ರೈಲು ಹತ್ತಿಲ್ಲ. ನೀನು ಹಾಗೆ ಅಂದುಕೊಳ್ಳಲಿಲ್ಲ ಪುಟ್ಟೀ, ನಿಲ್ಲಿಸಿದೆ. ಮುಂದಿನ ತಿಂಗಳ ಮೊದಲ ಸೋಮವಾರ ನಿನ್ನ ಗಾಡಿಗೆ ತಾತನ ಜೊತೆ ನನಗೂ ಟಿಕೆಟ್ ತೆಗೆಸಿದ್ದೇನೆ. ಎಂಜಿನ್ನಿನಲ್ಲಿ ನೀನಿದ್ದರೆ ಹತ್ತುತ್ತೇನೆ.