ಮೊಟ್ಟೆಗೆ ಹೊಗೆ ಕೊಡುವ ಬಗ್ಗೆ ಮಗಳಿಗೆ

ಹನ್ನೊಂದನೇ ತಾರೀಖು, ಸೋಮವಾರ

ಪ್ರೀತಿಯ ಪುಟ್ಟಿಗೆ,

ಹೇಗಿದ್ದೀಯ? ಕಾಲಿನ ಬಾವು ಇಳಿಯಿತೇ? ಅಳಿಯಂದಿರ ಸೊಂಟನೋವು, ಬೀಗಿತ್ತಿಯವರ ಕಣ್ಣು, ನಿನ್ನ ದೊಡ್ಡ ಮಗಳು ಗುಬ್ಬಿಯ ನೆಗಡಿ, ಎಲ್ಲದರ ವರದಿ ಬೇಕು. ನಿನ್ನ ಪತ್ರ ಬಂದು ತಿಂಗಳಾಯಿತು, ತಡವಾಯಿತೆಂದು ಮುನಿಸಿಕೊಳ್ಳಬೇಡ. ನಿಮ್ಮಪ್ಪ ಚೆನ್ನಾಗಿದ್ದಾರೆ. ದಿನಕ್ಕೊಮ್ಮೆ ಕೊಡೆ ಕಳೆದುಕೊಂಡು ಮನೆಯವರ ಮೇಲೆಲ್ಲ ಅನುಮಾನ ಪಡುತ್ತಾರೆ. ಮನೆಯಲ್ಲಿರುವುದು ನಾನೊಬ್ಬಳೇ.

ನೀನು ಎರಡು ಮಾತು ಕೇಳಿದ್ದೆ. ನಿಮ್ಮ ಹ್ಯಾಚರಿಯಲ್ಲಿ ಮೊಟ್ಟೆಗಳು ಮರಿ ಮಾಡುವ ಮಷಿನಿನೊಳಗೇ ಕೊಳೆತು ಸಿಡಿಯುತ್ತಿವೆ, ಏನು ಮಾಡಲಿ ಎಂಬುದು ಒಂದು. ಹೆರಿಗೆಗೆ ಬಾ, ನಾನು ಎದ್ದು ಓಡಾಡುವವರೆಗೆ ಮೊಟ್ಟೆಗೆ ಹೊಗೆ ಕೊಡುವ ಕೆಲಸವನ್ನೂ ನೀನೇ ನೋಡಿಕೋ ಎಂಬುದು ಇನ್ನೊಂದು. ಮೊದಲನೆಯದು ಸುಲಭ, ಅದನ್ನೇ ಬರೆಯುತ್ತೇನೆ.

ಅಳಿಯಂದಿರು ಕೊಳೆ ಮೊಟ್ಟೆಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಫಳಫಳ ಮಾಡುತ್ತಾರೆ ಎಂದಿದ್ದೀಯಲ್ಲ, ಕೇಡು ಅಲ್ಲೇ ಇದೆ. ಇಲ್ಲಿನ ಹ್ಯಾಚರಿಯಲ್ಲಿ ನನ್ನ ಜೊತೆ ಕೆಲಸ ಮಾಡುವವಳೊಬ್ಬಳಿದ್ದಾಳೆ. ಬಾಯಿಗೆ ಬಿಡುವಿಲ್ಲದ್ದರಿಂದ ಎಲ್ಲರೂ ರೇಡಿಯೋ ಎನ್ನುತ್ತಾರೆ. ಅವಳಿಗೆ ನಿನ್ನ ಪತ್ರ ಓದಿ ಹೇಳಿದರೆ, "ಯಾಕಂತೆ, ಮೊಟ್ಟೆ ಫೋಟೋ ತೆಗೆಸ್ಕೊಳ್ಳೋಕೆ ಹೊರಟಿದ್ಯಾ?" ಅಂದಳು. ಒದ್ದೆಯಾದ ಚಿಪ್ಪು ಕೊಳೆಯನ್ನು ಒಳಗೆ ಎಳೆದುಕೊಳ್ಳುತ್ತದೆ. ಕೋಳಿ ನೆಲದ ಮೇಲಿಟ್ಟದ್ದು, ಹಿಕ್ಕೆ ಮೆತ್ತಿದ್ದು, ಬಿರುಕು ಬಿಟ್ಟದ್ದು ಮಷಿನಿನ ಹತ್ತಿರವೂ ಬರಬಾರದು. ಗೂಡಿನಿಂದ ಎತ್ತಿದ ಶುಭ್ರ ಮೊಟ್ಟೆಗೆ, ಚಿಪ್ಪಿನ ಮೇಲಿನ ಕ್ರಿಮಿ ಸಾಯಲೆಂದು, ಅದೇ ದಿನ ಹೊಗೆ ಕೊಡಿಸು. ಮೊಟ್ಟೆ ಬೆವರಿದ್ದರೆ ತಾನಾಗಿ ಆರುವವರೆಗೆ ಕಾಯಬೇಕು. ಮಷಿನಿಗಿಟ್ಟ ಮೊದಲ ಕೆಲವು ದಿನ ಮರಿಗೆ ಜೀವ ಕೂಡುವ ಹೊತ್ತು, ಆಗ ಹೊಗೆ ಬೇಡವೇ ಬೇಡ.

ಕೊಡಿಸು ಅಂದೆ, ಕೊಡು ಅನ್ನಲಿಲ್ಲ. ಹೊಟ್ಟೆಯಲ್ಲಿ ಕೂಸಿಟ್ಟುಕೊಂಡು ನೀನು ಹೊಗೆ ಕೋಣೆಯ ಬಾಗಿಲ ಬಳಿ ಸುಳಿಯಕೂಡದು. ಫಾರ್ಮಾಲಿನ್ ಬಾಟಲಿಯ ಮುಚ್ಚಳವನ್ನೂ ಮುಟ್ಟಬೇಡ. ಅಳಿಯಂದಿರು ಮಾಡಲಿ, ಹೊರಗೊಬ್ಬರು ಕಾದು ನಿಂತಿರಲಿ. ಆಳವಾದ ಮಣ್ಣಿನ ಪಾತ್ರೆಗೆ ಮೊದಲು ಪರ್ಮಾಂಗನೇಟ್ ಪುಡಿ, ಅದರ ಮೇಲೆ ಫಾರ್ಮಾಲಿನ್. ಅದಲುಬದಲಾದರೆ ಮುಖಕ್ಕೇ ಚಿಮ್ಮುತ್ತದೆ. ಕೈಗವಸು, ಕಣ್ಣಿಗೆ ಕನ್ನಡಕ, ಆ ಅನಿಲಕ್ಕೆಂದೇ ಮಾಡಿದ ಮಾಸ್ಕ್ ಇರಬೇಕು. ಕರ್ಚೀಫು ಕಟ್ಟಿಕೊಂಡರೆ ಆಗುವುದಿಲ್ಲ. ಸುರಿದ ತಕ್ಷಣ ಹೊರಬಂದು ಬಾಗಿಲು ಭದ್ರ ಮಾಡಲಿ. ಆಮೇಲೆ ಫ್ಯಾನ್ ಹಾಕಿ, ಗಾಳಿ ಪೂರ್ತಿ ಹೊರಹೋಗುವವರೆಗೆ ಯಾರೂ ಒಳಗೆ ಕಾಲಿಡಬಾರದು.

ಗುಬ್ಬಿಗೆ ಎರಡು ಕೆನ್ನೆಗೂ ಮುತ್ತು. ಸುಖವಾಗಿ ಹೆತ್ತು ಏಳು, ತಾಯಿ. ನಿನ್ನ ಮನೆ ತಣ್ಣಗಿರಲಿ.

ನಿನ್ನ
ಅಮ್ಮ

ಮತ್ತೆ: ಎರಡನೆಯ ಮಾತಿಗೆ ಉತ್ತರ ಬರೆಯದೆಯೇ ಲಕೋಟೆ ಅಂಟಿಸಲು ಹೋದೆ. ನಿಮ್ಮಪ್ಪ ಕೈ ಹಿಡಿದರು. "ಹೇಳಿಬಿಡೇ. ಅಲ್ಲಿಗೆ ಹೋದ ಮೇಲೆ ಗೊತ್ತಾಗೋದು ಬೇಡ" ಅಂದರು.

ಹೋದ ತಿಂಗಳು ಇಲ್ಲಿ ಹೊಗೆ ಕೋಣೆಯ ಬಾಗಿಲು ತೆಗೆದು, ಮಾಸ್ಕ್ ಇಳಿಸಿ ಮೂಸಿ, "ಬಾರೇ, ಏನೂ ಇಲ್ಲ" ಎಂದು ರೇಡಿಯೋಳನ್ನು ಕರೆದೆ. ಅವಳು ಹೊಸ್ತಿಲಲ್ಲೇ ಕೆಮ್ಮಿ, ಕಣ್ಣೀರು ಸುರಿಸುತ್ತಾ ನನ್ನನ್ನು ಹೊರಗೆಳೆದಳು. "ಅಕ್ಕಾ, ಫ್ಯಾನೇ ತಿರುಗ್ತಿಲ್ಲ. ಇಷ್ಟು ಘಾಟು ನಿಂಗೆ ಬಡೀಲಿಲ್ವಾ?"

ಬಡಿಯಲಿಲ್ಲ ಪುಟ್ಟಿ. ವಾಸನೆ ಹಿಡಿಯುವ ಶಕ್ತಿಯೇ ನನ್ನ ಮೂಗಿನಿಂದ ಹೋಗಿದೆ. ಮರಳುತ್ತದೋ ಇಲ್ಲವೋ ಡಾಕ್ಟರೂ ಹೇಳಲಾರರು. ಮೊನ್ನೆ ಒಲೆಗೆ ಬೆನ್ನು ಹಾಕಿ ತರಕಾರಿ ಹೆಚ್ಚುತ್ತಾ ಕೂತಿದ್ದೆ. ಹಾಲು ಸೀದು ಪಾತ್ರೆ ಕರಕಲಾದದ್ದು ತಿಳಿದದ್ದು ನಿಮ್ಮಪ್ಪ ಹಿತ್ತಲಿನಿಂದ ಓಡಿ ಬಂದಾಗ.

ಈಗ ನನ್ನನ್ನು ಮೊಟ್ಟೆ ಆರಿಸುವ ಮೇಜಿಗೆ ಹಾಕಿದ್ದಾರೆ. ಆ ಬಾಗಿಲನ್ನು ನಿಮ್ಮಲ್ಲಿಯೂ ನಾನು ತೆಗೆಯಲಾರೆ. ಕೂಸಿಗೆ ಸ್ನಾನ ಮಾಡಿಸಬಲ್ಲೆ, ಅತ್ತರೆ ಎತ್ತಿಕೊಂಡು ಓಡಾಡಬಲ್ಲೆ. ಅಡುಗೆಮನೆಯಲ್ಲಿ ಗ್ಯಾಸ್ ಸೋರಿದರೆ ಮಾತ್ರ ನನಗೆ ತಿಳಿಯದು. ಮಗುವನ್ನು ನನ್ನ ಕೈಗೆ ಬಿಟ್ಟು ನೀನು ನಿಶ್ಚಿಂತೆಯಾಗಿ ಕಣ್ಣು ಮುಚ್ಚಬಲ್ಲೆಯಾ, ಅಳಿಯಂದಿರ ಜೊತೆ ಕೂತು ಯೋಚಿಸು. ಬಾ ಎನ್ನುವುದಾದರೂ ಬೇಡ ಎನ್ನುವುದಾದರೂ ಬೇಗ ಬರೆ. ನಾನು ಕಾಯಿಸಿದಷ್ಟು ನೀನು ಕಾಯಿಸಬೇಡ.