ಶನಿವಾರದ ಶಾಲೆಗೆ ಹೋದ ಸ್ನಾನದ ಪುಡಿ

ಜೂಟರ್‌ಮೀರ್
12 ಸೆಪ್ಟೆಂಬರ್ 2021

ಪ್ರೀತಿಯ ಅಮ್ಮಾ,

ಎರಡನೇ ಲಸಿಕೆ ಹಾಕಿಸಿಕೊಂಡ ಮೇಲೆ ತೋಳಿನ ನೋವು ಇಳಿಯಿತೇ? ಅಪ್ಪ ಈಗಲೂ ಮಾಸ್ಕನ್ನು ಗದ್ದಕ್ಕೆ ಹಾಕಿಕೊಂಡೇ ವಾಕಿಂಗ್ ಹೋಗುತ್ತಾರೋ? ಇಲ್ಲಿ ನಾವು ಕ್ಷೇಮ. ನಿನ್ನ ಅಳಿಯ ಕಿಶನ್‌ಗೆ ಇನ್ನೂ ಮನೆಯಿಂದಲೇ ಕೆಲಸ. ಹಿತಾಳಿಗೆ ಮುಂದಿನ ಎರಡು ಹಲ್ಲು ಬಿದ್ದಿವೆ. ನನ್ನ ನಿದ್ದೆ ಮಾತ್ರ ಮೊದಲಿನ ಹಾಗೆಯೇ, ಬಂದರೆ ಬಂತು. ಫೋನಿನಲ್ಲಿ ಹೇಳಬಹುದಿತ್ತು, ಆದರೆ ನಿನ್ನ ದನಿ ಕೇಳಿದ ಕೂಡಲೇ ಹಿತಾ ಫೋನ್ ಕಿತ್ತುಕೊಳ್ಳುತ್ತಾಳೆ. ಅವಳ ಎದುರು ಆಡುವ ಮಾತಲ್ಲ, ಅದಕ್ಕೇ ಈ ಕಾಗದ.

ಪಕ್ಕದ ಮನೆಯ ಮ್ಯೂರಿಯಲ್ ಗೊತ್ತಲ್ಲ, ಸುರಿನಾಮ್ ಕಡೆಯ ಕಪ್ಪು ಹೆಂಗಸು, ಲಾಕ್‌ಡೌನಿನಲ್ಲಿ ಹಿತಾಳನ್ನು ತನ್ನ ಮಗಳು ನವೋಮಿಯ ಜೊತೆ ಕೂರಿಸಿಕೊಂಡು ಡಚ್ ಓದಿಸಿದವಳು. ಅವಳೂ ಇನ್ನು ಕೆಲವು ತಾಯಂದಿರೂ ಸೇರಿ ಬಡಾವಣೆಯ ಭವನದಲ್ಲಿ ಶನಿವಾರದ ಶಾಲೆ ನಡೆಸುತ್ತಾರೆ, ಕಪ್ಪು ಮಕ್ಕಳಿಗೆಂದೇ. ಇಲ್ಲಿ ಮಗುವಿಗೆ ಹನ್ನೆರಡು ತುಂಬುವಷ್ಟರಲ್ಲಿ ಅದು ಮುಂದೆ ಏನು ಓದಬಲ್ಲದೆಂದು ಮೇಷ್ಟ್ರು ಹೇಳಿಬಿಡುತ್ತಾರೆ. ತಮ್ಮ ಮಕ್ಕಳನ್ನು ಕಡಿಮೆ ಅಳೆಯುತ್ತಾರೆ ಎಂಬುದು ಇವರ ಸಿಟ್ಟು. ಹಾಗಾಗಿ ಗಣಿತ, ಡಚ್ ಗಟ್ಟಿಯಾಗಿ ಕಲಿಸುತ್ತಾರೆ. ಜೊತೆಗೆ ಹಡಗಿನಲ್ಲಿ ಗುಲಾಮರಾಗಿ ಹೋದ ಹಿರಿಯರ ಕಥೆ, ಅವರ ಹಾಡು, ತಲೆಗೆ ಬಟ್ಟೆ ಕಟ್ಟುವ ಬಗೆ. ನಮ್ಮವಳು ಅವರ ಪೈಕಿಯಲ್ಲ. ಆದರೆ ವಾರದ ದಿನಗಳ ಶಾಲೆಯಲ್ಲಿ ಯಾರೋ "ಕೈ ತೊಳ್ಕೊಂಡು ಬಾ, ಕೊಳೆ" ಎಂದ ಮೇಲೆ ಮಾತೇ ಕಡಿಮೆ ಮಾಡಿದ್ದಳಲ್ಲ, ಅದನ್ನು ನೋಡಿ ಮ್ಯೂರಿಯಲ್ಲೇ "ನಮ್ಮಲ್ಲಿಗೆ ಕಳಿಸು" ಎಂದಳು. ಅಲ್ಲಿಗೆ ಹೋಗತೊಡಗಿದ ಮೇಲೆ ಇವಳು ಬಾಯಿ ಮುಚ್ಚಿದ್ದೇ ಇಲ್ಲ.

ನಿನ್ನೆ ಏನು ಮಾಡಿದ್ದಾಳೆ ಕೇಳು. ನೀನು ಕೊರಿಯರ್‌ನಲ್ಲಿ ಕಳಿಸಿದ್ದ ಕಡಲೆಹಿಟ್ಟು, ಕಸ್ತೂರಿ ಅರಿಶಿನದ ಸ್ನಾನದ ಪುಡಿಯನ್ನು ತಿಂಡಿ ಡಬ್ಬಿಗೆ ತುಂಬಿಕೊಂಡು ಹೋಗಿ ನವೋಮಿಗೆ ಕೊಟ್ಟಿದ್ದಾಳೆ. "ದಿನಾ ಉಜ್ಕೋ, ನೀನೂ ಬೆಳ್ಳಗಾಗ್ತೀಯ, ನಮ್ಮಜ್ಜಿ ಹೇಳಿದ್ದಾರೆ." ಆ ಶಾಲೆಯಲ್ಲಿ, ಅಮ್ಮಾ! ಗೆಳತಿಗೆ ಒಳ್ಳೆಯದಾಗಲಿ ಅಂತಲೇ ಕೊಟ್ಟದ್ದು. ನಾನು ಕರೆತರಲು ಹೋದಾಗ ಮ್ಯೂರಿಯಲ್ ಡಬ್ಬಿ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಇದು ಚರ್ಮ ಮೃದುವಾಗಲಿ ಅಂತ, ಎಂದೆ. ಹಿತಾ ಬಿಡಬೇಕಲ್ಲ, "ಅಲ್ಲ, ಕಪ್ಪು ಹೋಗ್ಲಿ ಅಂತ" ಎಂದು ಡಚ್‌ನಲ್ಲೇ ತಿದ್ದಿದಳು. ಬೇರೆ ತಾಯಂದಿರು ನೋಡುತ್ತಿದ್ದರು. ಇನ್ನು ಇವಳನ್ನು ಕಳಿಸಬೇಡ ಎಂದುಬಿಟ್ಟರೆ ಮಗು ಮತ್ತೆ ಮೊದಲಿನ ಹಾಗಾಗುತ್ತದಲ್ಲ ಎಂದು ಹೆದರಿದೆ. ಮ್ಯೂರಿಯಲ್ ಡಬ್ಬಿ ಮುಚ್ಚಿದಳು. "ನನ್ನಜ್ಜಿ ನನ್ನ ಮೂಗು ಚೂಪಾಗ್ಲಿ ಅಂತ ಬಟ್ಟೆ ಕ್ಲಿಪ್ ಹಾಕೋಳು" ಎಂದಳು. ನಗಲಿಲ್ಲ. "ಮಗು ಬರ್ಲಿ. ಪುಡಿ ಬೇಡ."

ನಿನ್ನನ್ನು ದೂರುತ್ತಿಲ್ಲಮ್ಮ. ಹೆಣ್ಣು ನೋಡಲು ಬಂದವರ ಎದುರು ನಿನ್ನನ್ನು ಬಣ್ಣ ಕಾಣದ ಹಾಗೆ ಕಿಟಕಿಗೆ ಬೆನ್ನು ಮಾಡಿ ಕೂರಿಸುತ್ತಿದ್ದರೆಂದು ನೀನೇ ಹೇಳಿದ್ದೆ. ಈಗಲೂ ವಿಡಿಯೋ ಕಾಲ್ ಬಂದರೆ "ಒಂದ್ನಿಮಿಷ ಇರು" ಎಂದು ಒಳಗೆ ಹೋಗಿ ಪೌಡರ್ ಹಚ್ಚಿಕೊಂಡು ಬರುತ್ತೀಯ. ಇನ್ನು ಪುಡಿ ಕಳಿಸಬೇಡ. ಹುರಿಗಾಳು ಕಳಿಸು, ಅದನ್ನು ನವೋಮಿಯೂ ತಿನ್ನುತ್ತಾಳೆ.

ಅಪ್ಪನಿಗೂ ನಿನಗೂ ಇಲ್ಲಿಂದಲೇ ಕಾಲಿಗೆ ಬಿದ್ದಿದ್ದೇನೆ.

ನಿನ್ನ ಮಗಳು,
ಸ್ಮೃತಿ

ತಾ.ಕ.: ಮುಖ್ಯವಾದದ್ದನ್ನೇ ಬಿಟ್ಟಿದ್ದೆ. ಮುಂದಿನ ತಿಂಗಳ ಕೊನೆಯ ಶನಿವಾರ ಆ ಶಾಲೆಯ ಮಕ್ಕಳು ತಾವು ಯಾರ ಹಾಗಿದ್ದೇವೆಂದು ಮನೆಯ ಹಿರಿಯರೊಬ್ಬರನ್ನು ಎಲ್ಲರಿಗೂ ತೋರಿಸಬೇಕು. ಹಿತಾ ನಿನ್ನ ಹೆಸರು ಕೊಟ್ಟು ಬಂದಿದ್ದಾಳೆ, "ನನ್ ಬಣ್ಣ ನಮ್ಮಜ್ಜಿದು" ಅಂತ. ಅಲ್ಲಿಂದಲೇ ವಿಡಿಯೋ ಕಾಲ್ ಮಾಡುತ್ತೇವೆ. ಕಿಟಕಿಗೆ ಮುಖ ಮಾಡಿ ಕೂತುಕೋ. ಪೌಡರ್ ಬೇಡಮ್ಮಾ.