ಕಸ್ತೂರೆಮ್ಮನ ಟ್ಯೂಬು

ಸಾಣಾಪುರ
9 ಜನವರಿ 2014

ಡಾಕ್ಟರ್ ಅಮೃತಾ ಮೇಡಂ ಅವರಿಗೆ, ನಿಮಗೆ ಕರಿಮೂತಿಯ ಮುಸಿಯ ಹಿಡಿದುಕೊಡುತ್ತಿದ್ದ ಹುಲಗಪ್ಪನ ನಮಸ್ಕಾರ.

ನೀವು ರಕ್ತ ತೆಗೆದುಕೊಂಡು ಹೋಗಿದ್ದ ಕಿವಿ ಹರಿದ ಮುಸಿಯ ಸೋಮವಾರ ಕೆರೆ ಏರಿಯ ಮೇಲೆ ಸತ್ತಿತು. ಹನುಮಪ್ಪನ ಕುಲವೆಂದು ಊರವರು ಅದನ್ನು ಚಟ್ಟದಲ್ಲಿ ಹೊತ್ತು, ಭಜನೆ ಮಾಡುತ್ತ ಒಯ್ದು ಮಣ್ಣು ಮಾಡಿದರು. "ಹುಲಗ್ಯಾ, ಅದರ ರಕ್ತ ನಿಮ್ಮ ಮೇಡಂ ಕಡೆ ಐತಲ್ಲ, ಅದೂ ಮಣ್ಣಿಗಿ ಬೀಳಬೇಕು" ಎಂದು ಪೂಜಾರಿ ಹಟ ಹಿಡಿದಿದ್ದಾರೆ. ದಯವಿಟ್ಟು ಅದರ ಟ್ಯೂಬು ಕಳಿಸಿ. ಐಸ್ ಡಬ್ಬಿ ಬೇಡ, ಹೂಳುವುದಕ್ಕೇ ಅಲ್ಲವೇ.

ಬಿಳಿ ರಕ್ತಕಣಗಳ ಮೈಮೇಲಿನ ಗುರುತುಗಳು ಮಂಗ, ಮುಸಿಯ, ಮನುಷ್ಯರಲ್ಲಿ ಎಷ್ಟು ಹೋಲುತ್ತವೆಂದು ನೋಡಲು ನೀವು ಮನುಷ್ಯರ ರಕ್ತ ಕೇಳಿದಾಗ ಊರಲ್ಲಿ ಯಾರೂ ಮುಂದೆ ಬರಲಿಲ್ಲ. ನನ್ನ ಹೆಂಡತಿ ಕಸ್ತೂರೆಮ್ಮ ಮಾತ್ರ, "ಮಂಗ್ಯಾಗ ಚುಚ್ಚಿದ ಸೂಜಿ ಅಲ್ಲ, ಹೌದಲ್ರಿ?" ಎಂದು ನಗುತ್ತ ಕೈ ಚಾಚಿದಳು. ಆಕೆ ದೀಪಾವಳಿಗೆ ಮುಂಚೆ ಹಾವು ಕಚ್ಚಿ ತೀರಿಕೊಂಡಳು. ನಿಮಗೆ ತಿಳಿಸಿರಲಿಲ್ಲ.

ಆಕೆಯ ಟ್ಯೂಬನ್ನೂ ತರಿಸು ಎನ್ನುತ್ತಾರೆ ಪೂಜಾರಿ. ಅದನ್ನು ಕಳಿಸಬೇಡಿ. ನೀವು ರಕ್ತ ಇಡುವ ಆ ಹೊಗೆಯಾಡುವ ತಣ್ಣನೆಯ ಡ್ರಮ್ಮಿನಲ್ಲಿ ಕಣಗಳು ಜೀವಂತ ಇರುತ್ತವೆ ಎಂದು ನೀವೇ ಹೇಳಿದ್ದಿರಿ.

ಇಂತಿ,
ಹುಲಗಪ್ಪ